ಐಸಪ್ಪನ ಬಟಾಣಿ ಹೂ

ನಮ್ಮ ಭಾವ ಐಸ್ ಫ್ಯಾಕ್ಟರಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದ ದಿನ ಮ್ಯಾನೇಜರು ಅವರಿಗೆ ಒಂದು ಬೀಜದ ಪೊಟ್ಟಣ ಕೊಟ್ಟರು. ಬಣ್ಣದ ಕಾಗದ ಸುತ್ತಿ ಮೇಲೆ ರಿಬ್ಬನ್ ಕಟ್ಟಿದ್ದರಿಂದ ಸಭೆಯಲ್ಲಿದ್ದವರೆಲ್ಲ ಒಳಗೆ ಪೆನ್ನೋ ಕೈಗಡಿಯಾರವೋ ಇರಬೇಕು ಅಂದುಕೊಂಡು ಜೋರಾಗಿಯೇ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಬಿಚ್ಚಿದರೆ ಅಂಗೈಯಗಲದ ಪೊಟ್ಟಣ. ಅದರ ಮೇಲೆ ಗುಲಾಬಿ, ನೇರಳೆ, ಬಿಳಿ ಬಣ್ಣದ, ಚಿಟ್ಟೆಯ ರೆಕ್ಕೆಯಂಥ ಹೂಗಳು. ಕೆಳಗೆ 'ಸ್ವೀಟ್ ಪೀ, ಪರಿಮಳಕ್ಕೆ ಹೆಸರಾದದ್ದು' ಎಂದು ಬರೆದಿತ್ತು. ಮ್ಯಾನೇಜರಿಗೆ ಅದು ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು. ಅದು ನನಗೆ ಗೊತ್ತಿತ್ತು, ಯಾಕೆಂದರೆ ಆ ಪತ್ರಿಕೆಯನ್ನು ಅವರ ಮನೆಗೆ ಕಳಿಸಿದ್ದೇ ನಾನು ಕೆಲಸ ಮಾಡುವ ಅಂಚೆ ಕಚೇರಿಯಿಂದ. ಭಾವನಿಗೆ ಮಾತ್ರ ಹೇಳಲಿಲ್ಲ. ಮೂವತ್ನಾಲ್ಕು ವರ್ಷಕ್ಕೆ ಒಂದು ಸುಳ್ಳಾದರೂ ಪೂರ್ತಿ ಸಿಗಲಿ ಅನ್ನಿಸಿತು.

ಅಕ್ಕ ಪೊಟ್ಟಣ ಅಲ್ಲಾಡಿಸಿ ನೋಡಿದಳು. "ಬಟಾಣಿನಾ? ಬೇಯಿಸಕ್ಕಾದ್ರೂ ಬರುತ್ತಾ?"

ಭಾವ ಕನ್ನಡಕ ಏರಿಸಿ ಹಿಂಬದಿ ಓದಿದರು. "ತಿನ್ನಬಾರದು ಅಂತ ಬರೆದಿದೆ. ವಿಷ."

"ಸರಿ ಬಿಡಿ. ಇಷ್ಟು ವರ್ಷ ಬದುಕಿ ಉಳಿದಿದ್ದೀರಲ್ಲ, ಅದನ್ನೂ ಮುಗಿಸಿಬಿಡೋಣ ಅಂತ ಕೊಟ್ಟಿದಾರೆ."

ನನ್ನ ಅಕ್ಕ ಇಂಥವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನ ಮೂರು ಶಾಲೆಗಳ ಯೂನಿಫಾರಂ ಹೊಲಿಯುತ್ತಾಳೆ. ಬಾಯಲ್ಲಿ ಸದಾ ಎರಡು ಗುಂಡುಸೂಜಿ ಇರುತ್ತವೆ. ಅವನ್ನು ತೆಗೆದರೂ ಮಾತಿನ ಮೊನೆ ಹೋಗುವುದಿಲ್ಲ. ಅವರ ಮನೆಗೂ ನನ್ನ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡು ನಾನು ಈ ಕಥೆಯ ಬಹುಪಾಲನ್ನು ನೋಡಿದೆ. ಉಳಿದದ್ದನ್ನು ಕೇಳದೆಯೇ ಅಕ್ಕ ಹೇಳಿದಳು.

ನಮ್ಮೂರು ಮರಳುಗಾಡಿನ ಅಂಚಿನಲ್ಲಿದೆ. ಅಂಚಿನಲ್ಲಿದೆ ಎನ್ನುವುದು ಊರಿನವರ ಅಭಿಮಾನದ ಮಾತು. ಮರಳನ್ನು ಕೇಳಿದರೆ ಬೇರೆಯೇ ಹೇಳುತ್ತದೆ. ಬೇಸಿಗೆಯಲ್ಲಿ ಬಾಗಿಲ ಚಿಲಕ ಮುಟ್ಟಲು ಬಟ್ಟೆ ಬೇಕು. ನಲ್ಲಿಯ ನೀರು ತಾನಾಗಿ ಬಿಸಿಯಾಗಿ ಬರುತ್ತದೆ, ಅದಕ್ಕೂ ನೀರಿನ ಇಲಾಖೆಯವರು ತಮ್ಮನ್ನೇ ಹೊಗಳಿಕೊಳ್ಳುತ್ತಾರೆ. ಇಂಥ ಊರಿನಲ್ಲಿ ಐಸ್ ಮಾಡುವವನು ಮಂತ್ರಿಗಿಂತ ದೊಡ್ಡವನಾಗಬೇಕಿತ್ತು. ನಮ್ಮ ಭಾವನಿಗೆ ಸಿಕ್ಕಿದ್ದು 'ಐಸಪ್ಪ' ಎಂಬ ಅಡ್ಡಹೆಸರು ಮಾತ್ರ. ಅವರಿಗೆ ಅದರಿಂದ ಬೇಸರವಿರಲಿಲ್ಲ. ಅವರಿಗೆ ಯಾವುದರ ಬಗ್ಗೆಯೂ ಬೇಸರವಿದ್ದಂತೆ ಕಾಣುತ್ತಿರಲಿಲ್ಲ, ಸಂತೋಷವೂ ಅಷ್ಟೆ. ಊಟ ಹೇಗಿದೆ ಎಂದರೆ "ಇದೆ" ಎನ್ನುತ್ತಿದ್ದರು.

ನಿವೃತ್ತಿಯಾಗಿ ವಾರ ಕಳೆಯುವುದರೊಳಗೆ ಅಕ್ಕನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಭಾವ ಬೆಳಿಗ್ಗೆ ಆರಕ್ಕೆ ಫ್ಯಾಕ್ಟರಿಯ ಅಂಗಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಫ್ರಿಜ್‌ಗೆ ಕಿವಿಯಿಟ್ಟು ಕೇಳುತ್ತಿದ್ದರು. ಗ್ಯಾಸ್ ಒಲೆಯ ಮೇಲೆ 'ಉರಿ ಆರಿಸಿದ ಮೇಲೆ ನಾಬ್ ಪರೀಕ್ಷಿಸಿ' ಎಂದು ಬರೆದ ಚೀಟಿ ಅಂಟಿಸಿದರು. ಒಂದು ದಿನ ಅಕ್ಕ ಹೊಲಿಯುತ್ತ ಕೂತಿದ್ದಾಗ ಪಕ್ಕದಲ್ಲಿ ನಿಂತು, "ನಿಮಿಷಕ್ಕೆ ಎಷ್ಟು ಹೊಲಿಗೆ ಬೀಳುತ್ತೆ?" ಎಂದು ಕೇಳಿದರಂತೆ.

ಅಕ್ಕ ಯಂತ್ರ ನಿಲ್ಲಿಸಿದಳು. "ರೀ, ಆ ಬಟಾಣಿ ಎಲ್ಲಿ? ಹೋಗಿ ಬಿತ್ತಿ. ಈಗಲೇ ಹೋಗಿ."

ಭಾವ ಈಗಲೇ ಹೋಗಲಿಲ್ಲ. ಪೊಟ್ಟಣದ ಮೇಲೆ 'ವಸಂತದ ಆರಂಭದಲ್ಲಿ ಬಿತ್ತಬೇಕು' ಎಂದಿತ್ತು. ಕ್ಯಾಲೆಂಡರಿನಲ್ಲಿ ವಸಂತಕ್ಕೆ ಇನ್ನೂ ಐದು ವಾರ ಇತ್ತು. ಐದು ವಾರವೂ ಅವರು ಅಡುಗೆಮನೆಯ ಬಾಗಿಲಲ್ಲೇ ಕಾದರು.

ಅಚ್ಚಾದದ್ದನ್ನು ಅವರು ಹೀಗೆ ನಂಬುವುದಕ್ಕೆ ಒಂದು ಕಾರಣವಿದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿವೃತ್ತಿಗೆ ಹದಿನೆಂಟು ವರ್ಷ ಮುಂಚೆ ಫ್ಯಾಕ್ಟರಿಯಲ್ಲಿ ಒಂದು ಪೈಪು ಒಡೆದು ಅಮೋನಿಯಾ ಸೋರಿತು. ಐಸ್ ಆಗುವುದು ಆ ಅನಿಲದಿಂದಲೇ. ಅದು ಹೊರಗೆ ಬಂದರೆ ಕಣ್ಣು, ಗಂಟಲು ಎಲ್ಲ ಉರಿದು ಹೋಗುತ್ತದೆ. ಒಳಗೆ ಇಬ್ಬರು ಸಿಕ್ಕಿಕೊಂಡಿದ್ದರು. ರಕ್ಷಣೆಯ ಮುಖವಾಡಗಳು ನಿಯಮದ ಪ್ರಕಾರ ಕಪಾಟಿನಲ್ಲಿದ್ದವು, ಕಪಾಟಿಗೆ ನಿಯಮದ ಪ್ರಕಾರ ಬೀಗ ಹಾಕಿತ್ತು, ಕೀಲಿ ನಿಯಮದ ಪ್ರಕಾರ ಸ್ಟೋರ್ ಕೀಪರ್ ಹತ್ತಿರ ಇತ್ತು, ಸ್ಟೋರ್ ಕೀಪರ್ ನಿಯಮದ ಪ್ರಕಾರವೇ ರಜೆಯಲ್ಲಿದ್ದ. ಭಾವ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವ್ ಮುಚ್ಚಿ, ಇಬ್ಬರನ್ನೂ ಎಳೆದುಕೊಂಡು ಬಂದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಹನ್ನೆರಡನೆಯ ದಿನ ಕೆಲಸಕ್ಕೆ ಹೋದಾಗ ಮೇಜಿನ ಮೇಲೆ ಒಂದು ಕಾಗದ ಕಾದಿತ್ತು. 'ಮುಖವಾಡ ಧರಿಸದೆ ಅಪಾಯದ ಜಾಗ ಪ್ರವೇಶಿಸಿ ನಿಯಮ ಉಲ್ಲಂಘಿಸಿದ್ದಕ್ಕೆ ವಿವರಣೆ ಕೊಡಿ.'

ಆ ಕಾಗದ ಅವರು ಹರಿಯಲಿಲ್ಲ, ಬಯ್ಯಲಿಲ್ಲ. ವಿವರಣೆ ಕೊಟ್ಟು, ಕ್ಷಮೆ ಕೇಳಿ, ಅಂದಿನಿಂದ ಬರೆದದ್ದನ್ನೆಲ್ಲ ಬರೆದ ಹಾಗೇ ಪಾಲಿಸತೊಡಗಿದರು. ಔಷಧಿಯ ಬಾಟಲಿಯ ಮೇಲೆ 'ಅಲುಗಾಡಿಸಿ' ಎಂದಿದ್ದರೆ ಗಡಿಯಾರ ನೋಡಿಕೊಂಡು ಅಲುಗಾಡಿಸುತ್ತಿದ್ದರು.

ಅದೇ ಸೋರಿಕೆ ಇನ್ನೊಂದನ್ನೂ ಕೊಂಡೊಯ್ದಿತ್ತು. ಅವರಿಗೆ ವಾಸನೆ ತಿಳಿಯುವುದು ನಿಂತುಹೋಯಿತು. ಪೂರ್ತಿ. ಹಾಲು ಸೀದು ತಳ ಹಿಡಿದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಈ ವಿಷಯ ಮನೆಯಲ್ಲಿ ಅಕ್ಕನಿಗೆ, ಗೋಡೆಯಾಚೆ ನನಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು; ಸೋರಿಕೆ ಮೂಗಿಗೆ ಗೊತ್ತಾಗದವನನ್ನು ಅಮೋನಿಯಾ ಪಕ್ಕ ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಭಾವ ದಿನಕ್ಕೆ ಮೂರು ಸಲ ಗಂಧಕದ ಕಡ್ಡಿ ಹೊತ್ತಿಸಿ ಪ್ರತಿ ಪೈಪಿನ ಉದ್ದಕ್ಕೂ ಹಿಡಿಯುತ್ತಿದ್ದರು. ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ, ಕಣ್ಣಿಗೇ ಕಾಣುತ್ತದೆ. ಬೇರೆ ಪಾಳಿಯವರು ಮೂಗನ್ನು ನಂಬಿ ವಾರಕ್ಕೊಮ್ಮೆ ಕಡ್ಡಿ ಹಿಡಿದರೆ ಹೆಚ್ಚು. ಮೂಗಿದ್ದವರ ಪಾಳಿಯಲ್ಲಿ ಆಗಾಗ ಸೋರಿದ ಫ್ಯಾಕ್ಟರಿ ಮೂಗಿಲ್ಲದವರ ಪಾಳಿಯಲ್ಲಿ ಹದಿನೆಂಟು ವರ್ಷ ಒಂದು ಸಲವೂ ಸೋರಲಿಲ್ಲ.

ಅಂಥವರ ಕೈಗೆ ಪರಿಮಳಕ್ಕೆ ಹೆಸರಾದ ಹೂವಿನ ಬೀಜ. ಮ್ಯಾನೇಜರು ಯೋಚಿಸಿ ಕೊಟ್ಟಿದ್ದರೂ ಇಷ್ಟು ಚೆನ್ನಾಗಿ ಅವಮಾನ ಮಾಡಲು ಅವರಿಂದ ಆಗುತ್ತಿರಲಿಲ್ಲ.

ಕ್ಯಾಲೆಂಡರಿನ ವಸಂತ ಬಂತು. ನಮ್ಮೂರಿನಲ್ಲಿ ಆ ಹೊತ್ತಿಗೆ ನಾಯಿಗಳು ನೆರಳು ಹುಡುಕಲು ಶುರು ಮಾಡಿರುತ್ತವೆ. ಭಾವ ಹಿತ್ತಲಿನ ಗೋಡೆಯ ಪಕ್ಕ ಅಗೆದರು. ಒಂದು ಗೇಣು ಮಣ್ಣು, ಅದರ ಕೆಳಗೆ ಸಿಮೆಂಟಿನಂಥ ಸುಣ್ಣದ ಪದರ. ಹಾರೆ ಹಾಕಿದರೆ ಠಣ್ ಎಂದು ಕಿಡಿ ಹಾರಿತು. ಪೊಟ್ಟಣ 'ಎರಡು ಅಡಿ ಸಡಿಲ ಮಣ್ಣು' ಎಂದಿತ್ತು. ಒಂಬತ್ತು ದಿನ ಕುಟ್ಟಿ ಎರಡು ಅಡಿ ಮಾಡಿದರು. ಹತ್ತನೆಯ ದಿನ ಬಿತ್ತಿದರು. ಬೀಜಗಳು ಪಾಪ, ಎಲ್ಲಿಗೆ ಬಂದಿದ್ದೇವೆಂದು ತಿಳಿಯದೆ ಮೊಳೆತವು. ನಾಲ್ಕು ಬೆರಳು ಎದ್ದವು. ಅಷ್ಟರಲ್ಲಿ ಬಿಸಿಗಾಳಿ ಬೀಸಿತು. ಸೋಮವಾರ ಹಸಿರಾಗಿದ್ದದ್ದು ಗುರುವಾರ ಚಹಾಪುಡಿಯ ಹಾಗಿತ್ತು.

"ನೆರಳು ಬೇಕಿತ್ತೇನೋ" ಎಂದು ಭಾವ ಪೊಟ್ಟಣ ತಿರುಗಿಸಿದರು. ಅದರಲ್ಲಿ 'ತಂಪಾದ, ಚೆನ್ನಾಗಿ ಬಿಸಿಲು ಬೀಳುವ ಜಾಗ' ಎಂದಿತ್ತು. ನಮ್ಮೂರಿನಲ್ಲಿ ತಂಪು ಮತ್ತು ಬಿಸಿಲು ಒಬ್ಬರ ಮುಖ ಒಬ್ಬರು ನೋಡಿದವರೇ ಅಲ್ಲ.

ಪೊಟ್ಟಣದಲ್ಲಿ ಉಳಿದಿದ್ದ ಅರ್ಧದಷ್ಟು ಬೀಜ ಮರು ವರ್ಷಕ್ಕೆ. ಈ ಸಲ ಅವರು ತಮ್ಮ ವಿದ್ಯೆ ಹೊರತೆಗೆದರು. ಫ್ಯಾಕ್ಟರಿಯ ಹಳಬರಿಗೆ ದಿನಕ್ಕೊಂದು ಐಸ್ ಗಡ್ಡೆ ಪುಕ್ಕಟೆ ಸಿಗುತ್ತಿತ್ತು. ಅದನ್ನು ಸೈಕಲ್ಲಿಗೆ ಕಟ್ಟಿ, ಗೋಣಿತಾಟು ಸುತ್ತಿ ತಂದು, ಒಡೆದು, ಗಿಡಗಳ ಬುಡದ ಸುತ್ತ ಜೋಡಿಸತೊಡಗಿದರು. ಅಕ್ಕ ಯೂನಿಫಾರಂ ಹೊಲಿದು ಮಿಕ್ಕ ಖಾಕಿ ತುಂಡುಗಳನ್ನು ಸೇರಿಸಿ ಒಂದು ಚಪ್ಪರ ಹೊಲಿದುಕೊಟ್ಟಳು. "ಶಿಸ್ತಾಗಿ ಬೆಳೀಲಿ" ಎಂದಳು.

ಬೀದಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಗಿಡಕ್ಕೆ ಐಸ್ ಇಡುವವನನ್ನು ನೋಡಲು ಜನ ಬಂದರು. ಬಂದವರು ಸುಮ್ಮನೆ ಬರಲಿಲ್ಲ, ನೀರಿನ ಬಾಟಲಿ ತಂದರು. ಎದುರು ಮನೆಯ ಬಸ್ ಡ್ರೈವರು ಗಿಡಗಳ ನಡುವೆ ಕಲ್ಲಂಗಡಿ ಇಟ್ಟು, "ಸ್ವಲ್ಪ ನೋಡ್ಕೊಳ್ಳಿ ಐಸಪ್ನೋರೇ, ಮಧ್ಯಾಹ್ನ ಬಂದು ತಗೋತೀನಿ" ಎಂದು ಹೋದ. ಮೂಲೆಮನೆಯ ಮೇಷ್ಟ್ರು ದಿನಾ ಕುರ್ಚಿ ತಂದು ಐಸಿನ ಪಕ್ಕ ಕಾಲು ಚಾಚಿ ಕೂತು, ಇದು ವಿಜ್ಞಾನದ ಪ್ರಕಾರ ಯಾಕೆ ಆಗುವುದಿಲ್ಲ ಎಂದು ವಿವರಿಸುತ್ತಿದ್ದರು. ಕಾಲು ತಣ್ಣಗಾದ ಮೇಲೆ ಎದ್ದು ಹೋಗುತ್ತಿದ್ದರು.

ಗಿಡ ಮೊಣಕಾಲಿನವರೆಗೆ ಬಂತು. ಕಾಲಿಗೆ ಐಸು, ತಲೆಗೆ ಬೆಂಕಿ. ಮೇಲಿನ ಕುಡಿ ಸುಟ್ಟಿತು, ಕೆಳಗಿನ ಬೇರು ಕೊಳೆಯಿತು. ಒಂದೇ ಗಿಡ ಎರಡು ರೀತಿ ಸಾಯುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಕಲ್ಲಂಗಡಿ ಮಾತ್ರ ತುಂಬ ಚೆನ್ನಾಗಿತ್ತು ಎಂದು ಬಸ್ ಡ್ರೈವರು ಹೇಳಿದ.

ಅವತ್ತು ಸಂಜೆ ಭಾವ ಗೋಡೆಯ ಹತ್ತಿರ ಬಂದು ನಿಂತರು. ಅವರಾಗಿ ನನ್ನ ಹತ್ತಿರ ಮಾತಾಡಲು ಬಂದದ್ದು ಅದೇ ಮೊದಲು.

"ನಿಮ್ಮ ಆಫೀಸಿಂದ ಆ ಬೀಜದ ಕಂಪನಿಗೆ ಕಾಗದ ಬರೆದ್ರೆ ಉತ್ತರ ಬರುತ್ತಾ?"

"ಭಾವ, ನಿಮಗ್ಯಾಕೆ ಇದೆಲ್ಲ? ಹೂ ಬಂದ್ರೂ ನಿಮಗೆ..." ಎಂದವಳು ನಾಲಿಗೆ ಕಚ್ಚಿಕೊಂಡೆ.

"ವಾಸನೆ ಬರಲ್ಲ ಅಂತ ತಾನೆ?" ಅವರು ಗೋಡೆಯ ಮೇಲಿನ ಮರಳನ್ನು ಕೈಯಿಂದ ಗುಡಿಸಿದರು. "ಬರದೇ ಇರಲಿ. ಅದರಲ್ಲಿ ಬರೆದದ್ದು ನಿಜಾನೋ ಸುಳ್ಳೋ ಅಷ್ಟು ಗೊತ್ತಾಗಬೇಕು ನನಗೆ. ಇಷ್ಟು ವರ್ಷ ಬರೆದದ್ದು ಮಾಡಿದೀನಲ್ಲ."

"ಬಸ್ ಡಿಪೋ ಹತ್ತಿರ ಕಳ್ಳಿಯಮ್ಮ ಇದಾಳಲ್ಲ, ಅವಳನ್ನ ಕೇಳಿ" ಎಂದೆ.

ಕಳ್ಳಿಯಮ್ಮ ನರ್ಸರಿ ನಡೆಸುವ ಮುದುಕಿ. ಕಳ್ಳಿಗಿಡ ಮಾರುವುದರಿಂದ ಆ ಹೆಸರು. ಬೆಲೆ ಕೇಳಿದವರು ಇನ್ನೊಂದು ಅರ್ಥದಲ್ಲೂ ಕರೆಯುತ್ತಿದ್ದರು. ತಗಡಿನ ಶೆಡ್ಡು, ಹರಿದ ಹಸಿರು ನೆಟ್ಟು, ಎಣ್ಣೆಡಬ್ಬಗಳಲ್ಲಿ ಸಾಲಾಗಿ ಮುಳ್ಳು, ನಡುವೆ ಒಂದು ಹಗ್ಗದ ಮಂಚ. ಮಂಚದ ಮೇಲೆ ಕೂತೇ ಅವಳು ವ್ಯಾಪಾರ ಮಾಡುತ್ತಿದ್ದಳು. ಗಿರಾಕಿ ಇಷ್ಟವಾಗದಿದ್ದರೆ ಏಳುತ್ತಲೂ ಇರಲಿಲ್ಲ.

ಭಾವ ಪೊಟ್ಟಣ ಕೊಟ್ಟರು. ಅವಳು ಅದನ್ನು ದೂರ ಹಿಡಿದು ನೋಡಿದಳು.

"ವಸಂತದಲ್ಲಿ ಬಿತ್ತಿದ್ರಾ?"

"ಬರೆದಿದೆಯಲ್ಲ."

"ಇದನ್ನ ಬರೆದವನು ನಮ್ಮೂರಿಗೆ ಬಂದಿದ್ನಾ?"

ಭಾವ ಬಗ್ಗಿ ಪೊಟ್ಟಣದ ಹಿಂಬದಿಯಲ್ಲಿ ವಿಳಾಸ ಹುಡುಕಿದರು.

"ಅವನೂರಲ್ಲಿ ವಸಂತ ಅಂದ್ರೆ ಹಿಮ ಕರಗೋ ಕಾಲ. ನಮ್ಮೂರಲ್ಲಿ ಆ ತಂಪು ಇರೋದು ಚಳಿಗಾಲದಲ್ಲಿ. ಸೆಪ್ಟೆಂಬರ್ ಕೊನೇಲಿ, ಬೆಳಗಿನ ಜಾವ ಮೈಮೇಲೆ ಹೊದಿಕೆ ಎಳ್ಕೋಬೇಕು ಅನ್ಸುತ್ತಲ್ಲ, ಅವತ್ತು ಬಿತ್ತಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಬುಡಕ್ಕೆ ಒಣಹುಲ್ಲು ಹೊದಿಸಿ." ಅವಳು ಪೊಟ್ಟಣವನ್ನು ವಾಪಸ್ ಕೊಟ್ಟಳು. "ಮತ್ತೆ ಈ ತಳಿ ಇಲ್ಲಿಗೆ ಆಗಲ್ಲ. ಹಗಲು ಉದ್ದ ಆಗೋವರೆಗೂ ಹೂ ಬಿಡಕ್ಕೆ ಇದಕ್ಕೆ ಮನಸ್ಸೇ ಬರಲ್ಲ. ಹಗಲು ಉದ್ದ ಆಗೋಷ್ಟರಲ್ಲಿ ಇಲ್ಲಿ ಬೆಂಕಿ ಬಿದ್ದಿರುತ್ತೆ. ನನ್ಹತ್ರ ಚಳಿಗಾಲದಲ್ಲೇ ಬಿಡೋದು ಸ್ವಲ್ಪ ಇದೆ."

"ಅದರ ಮೇಲೆ ಏನು ಬರೆದಿದೆ?"

"ಏನೂ ಇಲ್ಲ. ಹಳೇ ಬ್ರೆಡ್ ಕವರಲ್ಲಿ ಕಟ್ಟಿಟ್ಟಿದೀನಿ."

ಇದು ಭಾವನಿಗೆ ಪರೀಕ್ಷೆಯಾಯಿತು. ಅಚ್ಚಾದ ಖಾಲಿ ಪೊಟ್ಟಣ ಒಂದು ಕಡೆ, ಅವಳು ಕೊಟ್ಟ ಬ್ರೆಡ್ ಕವರು ಇನ್ನೊಂದು ಕಡೆ. ಆ ಬೇಸಿಗೆಯೆಲ್ಲ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದರು. ಅಕ್ಕ ಒರೆಸುವಾಗ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದಳು. ಸೆಪ್ಟೆಂಬರಿನ ಒಂದು ಬೆಳಗಿನ ಜಾವ ಅಕ್ಕನ ಮೇಲಿದ್ದ ಹೊದಿಕೆಯನ್ನು ಭಾವ ನಿದ್ದೆಯಲ್ಲೇ ಪೂರ್ತಿ ಎಳೆದುಕೊಂಡರಂತೆ. "ರೀ, ಚಳಿ ಆಯ್ತಾ? ಏಳಿ ಹಾಗಾದ್ರೆ, ಬಿತ್ತಿ" ಎಂದು ಎಬ್ಬಿಸಿ ಕೂರಿಸಿದವಳು ಅಕ್ಕ.

ಅವರು ಬ್ರೆಡ್ ಕವರಿನ ಬೀಜದ ಸಿಪ್ಪೆಯನ್ನು ಉಗುರು ಕತ್ತರಿಯಿಂದ ಚೂರೇ ಚೂರು ಕೆತ್ತಿ, ಒಂದು ದಿನ ನೀರಿನಲ್ಲಿ ನೆನೆಸಿ ಬಿತ್ತಿದರು. ಎಂಟನೆಯ ದಿನ ಮೊಳಕೆ ಬಂತು. ಹತ್ತನೆಯ ದಿನ ಗುಬ್ಬಿಗಳು ಬಂದು ಅರ್ಧ ತಿಂದವು. ಅಕ್ಕ ಹಳೆಯ ಸೊಳ್ಳೆಪರದೆ ಕತ್ತರಿಸಿ ಹೊದಿಸಿದಳು. ಉಳಿದವು ಹನ್ನೊಂದು ಗಿಡ. ಅವು ಗೇಣುದ್ದವಾದಾಗ ಕಳ್ಳಿಯಮ್ಮ ಬಂದು, ಹೇಳದೆ ಕೇಳದೆ ಒಂದೊಂದರ ಕುಡಿಯನ್ನೂ ಚಟಚಟನೆ ಚಿವುಟಿ ಹಾಕಿದಳು.

ಭಾವ ಜೋರಾಗಿ ಉಸಿರೆಳೆದುಕೊಂಡರು. ಆಸ್ಪತ್ರೆಯಲ್ಲೂ ಅವರು ಹಾಗೆ ಸದ್ದು ಮಾಡಿರಲಿಲ್ಲ ಎಂದಳು ಅಕ್ಕ.

"ತಲೆ ತೆಗೆದ್ರೆ ಪಕ್ಕಕ್ಕೆ ಕವಲು ಬಿಡುತ್ತೆ. ನೀವೇನು ಕಂಬ ಬೆಳೀತಿದೀರಾ?" ಎಂದು ಕಳ್ಳಿಯಮ್ಮ ಕೈ ಒರೆಸಿಕೊಂಡು ಹೋದಳು.

ಕವಲು ಬಿಟ್ಟವು. ಡಿಸೆಂಬರಿನಲ್ಲಿ ಬಳ್ಳಿಗಳು ಫ್ಯಾಕ್ಟರಿಯ ಹಳೇ ಪೈಪುಗಳ ನಡುವೆ ಬಿಗಿದ ಹುರಿಯನ್ನು ಹಿಡಿದು ಏರತೊಡಗಿದವು. ಹೊಸ ವರ್ಷ ಕಳೆದು ಮೂರು ವಾರಕ್ಕೆ ಮೊದಲ ಮೊಗ್ಗು. ಆ ವಾರವೆಲ್ಲ ಭಾವ ಊಟದ ಮಧ್ಯೆ ಎದ್ದು ಹೋಗಿ ನೋಡಿ ಬರುತ್ತಿದ್ದರು. ಹೂ ಅರಳಿದ ಬೆಳಿಗ್ಗೆ ಒಂದು ತೊಟ್ಟು ಕತ್ತರಿಸಿಕೊಂಡು ಒಳಗೆ ಹೋಗಿ ಅಕ್ಕನ ಮುಖದ ಮುಂದೆ ಹಿಡಿದರು. ನೇರಳೆ ಬಣ್ಣದ್ದು, ತೊಟ್ಟಿಗೆ ಮೂರು ಹೂ.

ಅಕ್ಕನಿಗೆ ನಾಲ್ಕು ದಿನದಿಂದ ನೆಗಡಿ. ಮೂಗು ಎರಡೂ ಕಡೆ ಕಟ್ಟಿತ್ತು. ಮನೆಯಲ್ಲಿ ಮೂಗು ಎರಡು. ಒಂದು ಹದಿನೆಂಟರ ಮೇಲೆ ಎರಡು ವರ್ಷದಿಂದ ಮುಚ್ಚಿದೆ, ಇನ್ನೊಂದು ಬೇಕಾದ ದಿನ ನೋಡಿ ಮುಚ್ಚಿದೆ.

"ಏ, ಬಾರೇ ಇಲ್ಲಿ!" ಎಂದು ಅಕ್ಕ ಗೋಡೆಯ ಕಡೆ ಕೂಗಿದಳು. ನಾನು ಹಲ್ಲುಜ್ಜುತ್ತಿದ್ದವಳು ಬಾಯಿ ತೊಳೆದುಕೊಂಡು ಓಡಿದೆ.

ಮೂಸಿದೆ. ಭಾವ ನನ್ನ ಮುಖವನ್ನೇ, ಪೈಪಿನ ಪಕ್ಕ ಕಡ್ಡಿ ಹಿಡಿದು ಹೊಗೆ ಏಳುತ್ತದೋ ಎಂದು ನೋಡುವವರ ಹಾಗೆ ನೋಡುತ್ತಿದ್ದರು.

"ಇದೆಯಾ?"

"ಇದೆ ಭಾವ. ತುಂಬ ಚೆನ್ನಾಗಿದೆ."

"ಚೆನ್ನಾಗಿ ಅಂದ್ರೆ? ಹೇಗೆ?"

ಇಪ್ಪತ್ತೆರಡು ವರ್ಷ ಕೌಂಟರಿನಲ್ಲಿ ಕೂತು ಊರಿನವರ ಬಾಯಿ ಮುಚ್ಚಿಸಿದವಳು ನಾನು. ಆ ದಿನ ಹೋಲಿಕೆಗಾಗಿ ತಡಕಾಡಿದೆ. "ಜೇನಿನ ಥರ" ಎಂದೆ. "ಜೇನು ಹೇಗಿರುತ್ತೆ?" ಎಂದರು. "ಕಿತ್ತಳೆ ಗಿಡ ಹೂ ಬಿಟ್ಟಾಗ..." ಅವರಿಗೆ ನೆನಪಾಗಲಿಲ್ಲ. "ಹೊಸ ಸೋಪಿನ ಕಾಗದ ಬಿಚ್ಚಿದಾಗ ಬರುತ್ತಲ್ಲ, ಹಾಗೆ. ಆದ್ರೆ ಸೋಪಲ್ಲ." ನನಗೇ ನಾಚಿಕೆಯಾಯಿತು.

"ನೀನು ಬರೀ ಮಾತಾಡ್ತೀಯ" ಎಂದರು ಭಾವ. ಕೋಪದಿಂದಲ್ಲ, ಇದ್ದದ್ದನ್ನು ಹೇಳಿದ ಹಾಗೆ.

ಆಗ ಅಕ್ಕ ಆ ತೊಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು, ಕಟ್ಟಿದ ಮೂಗಿಗೆ ಒತ್ತಿಕೊಂಡು, ಸೊರ್ರೆಂದು ಎಳೆದಳು. "ನಮ್ಮ ಮದುವೆ ಹೊಸದ್ರಲ್ಲಿ ನಾನು ಒಂದು ಪೌಡರ್ ಹಚ್ಕೋತಿದ್ನಲ್ಲ, ಅದೇ. ಥೇಟ್ ಅದೇ."

ಭಾವನ ಮುಖ ನಿಧಾನಕ್ಕೆ ಸಡಿಲವಾಯಿತು. "ನೀಲಿ ಡಬ್ಬಿದಾ?"

"ಮುಚ್ಚಳದ ಮೇಲೆ ಬಾತುಕೋಳಿ ಇತ್ತಲ್ಲ, ಅದೇ ರೀ."

"ಓ" ಎಂದರು ಭಾವ. "ಅದಾ. ಅದು ಚೆನ್ನಾಗಿತ್ತು." ಹೂವನ್ನು ಇಸಕೊಂಡು ಹೊರಗೆ ಹೋದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಅವರು ಏನನ್ನಾದರೂ ಚೆನ್ನಾಗಿತ್ತು ಅಂದದ್ದನ್ನು ಅಕ್ಕ ಅವತ್ತೇ ಕೇಳಿದ್ದು. ಹೊಲಿಗೆ ಯಂತ್ರದ ಮುಂದೆ ಕೂತು ಸುಮಾರು ಹೊತ್ತು ದಾರ ಪೋಣಿಸುತ್ತಲೇ ಇದ್ದಳು.

ನೆಗಡಿ ಹೋದ ಮೇಲೆ ಅಕ್ಕ ಒಬ್ಬಳೇ ಹಿತ್ತಲಿಗೆ ಹೋಗಿ ಮೂಸಿ ಬಂದು, ನನ್ನನ್ನು ಗೋಡೆಯ ಹತ್ತಿರ ಕರೆದಳು. "ಪೌಡರ್ ಥರ ಇಲ್ವೇ ಇಲ್ಲ ಕಣೆ. ಹತ್ತಿರಕ್ಕೂ ಬರಲ್ಲ. ಬಾಯಿ ಬಿಟ್ಟೆ ಅಂದ್ರೆ ನೋಡು."

ಫೆಬ್ರವರಿ ಬಂತು, ಗೋಡೆ ಕಾಣದಷ್ಟು ಹೂ. ಈ ಹೂವಿಗೆ ಒಂದು ಗುಣವಿದೆ, ದಿನಾ ಕೀಳಬೇಕು; ಬಿಟ್ಟರೆ ಕಾಯಿಕಟ್ಟಿ, ತನ್ನ ಕೆಲಸ ಮುಗಿಯಿತು ಎಂದು ನಿಂತುಬಿಡುತ್ತದೆ. ಸರ್ಕಾರಿ ನೌಕರಿಗೆ ಹೇಳಿಮಾಡಿಸಿದ ಸ್ವಭಾವ. ಹಾಗಾಗಿ ದಿನಾ ಬೆಳಿಗ್ಗೆ ಅಕ್ಕ ಬೀದಿಗೆಲ್ಲ ಹೂ ಹಂಚಬೇಕಾಯಿತು. ಮೇಷ್ಟ್ರು ಒಂದು ಗೊಂಚಲು ಇಸಕೊಂಡು, ಇದು ಆಗುತ್ತದೆ ಎಂದು ತಾನು ಮೊದಲೇ ಹೇಳಿದ್ದೆ ಎಂದರು. ಬಸ್ ಡ್ರೈವರು ಸ್ಟೀರಿಂಗಿನ ಮುಂದೆ ಸಿಕ್ಕಿಸಿಕೊಂಡು, ಕೇಳಿದ ಪ್ರಯಾಣಿಕರಿಗೆ "ನಮ್ಮನೇದು" ಎನ್ನುತ್ತಿದ್ದ. ಎದುರು ಮನೆಯದು ಎಂದು ಬಿಡಿಸಿ ಹೇಳುತ್ತಿರಲಿಲ್ಲ.

ಸುದ್ದಿ ಫ್ಯಾಕ್ಟರಿಗೂ ಮುಟ್ಟಿತು. ಒಂದು ಮಧ್ಯಾಹ್ನ ಮ್ಯಾನೇಜರು, ಮುಖ್ಯ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಒಬ್ಬ ಹೆಂಗಸನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಹಿತ್ತಲಿಗೆ ಬಂದರು.

"ನೋಡಿ ಮೇಡಂ, ನಾವು ಕೆಲಸಗಾರರನ್ನ ಹೇಗೆ ನೋಡ್ಕೋತೀವಿ ಅಂತ. ಈ ಬೀಜ ನಾನೇ ಕೊಟ್ಟದ್ದು. ನಿವೃತ್ತಿ ಆದ್ಮೇಲೂ ಮನಸ್ಸು ಅರಳಿರಲಿ ಅಂತ."

ಅವರು ಕೊಟ್ಟ ಬೀಜ ಎರಡು ಬೇಸಿಗೆಗಳಲ್ಲಿ ಸುಟ್ಟು ಮಣ್ಣಾಗಿತ್ತು. ಯಾರೂ ಹೇಳಲಿಲ್ಲ. ಗೋಡೆಯ ಈಚೆ ನಾನು ಹೇಳಲೆಂದು ಬಾಯಿ ತೆರೆದಿದ್ದೆ, ಅಕ್ಕ ಕಣ್ಣಲ್ಲೇ ಮುಚ್ಚಿಸಿದಳು.

"ಏನ್ರೀ ಐಸಪ್ಪ, ಹೇಗಿದೆ ಪರಿಮಳ? ಹೇಳಿ ಮೇಡಂಗೆ" ಎಂದರು ಮ್ಯಾನೇಜರು.

"ನನಗೆ ಗೊತ್ತಿಲ್ಲ ಸರ್."

"ಅಂದ್ರೆ?"

"ನನಗೆ ವಾಸನೆ ತಿಳಿಯಲ್ಲ. ಆ ಪೈಪು ಒಡೆದ ದಿನದಿಂದ."

ಮ್ಯಾನೇಜರು ಮನಸ್ಸಿನಲ್ಲೇ ವರ್ಷ ಎಣಿಸಿದ್ದು ಮುಖದಲ್ಲಿ ಕಂಡಿತು. "ಮತ್ತೆ... ಹದಿನೆಂಟು ವರ್ಷ ಪ್ಲಾಂಟು?"

"ನಡೆಸಿದೆ ಸರ್. ದಿನಕ್ಕೆ ಮೂರು ಸಲ ಕಡ್ಡಿ ಹಿಡೀತಿದ್ದೆ. ರಿಜಿಸ್ಟರಲ್ಲಿದೆ."

ಮುಖ್ಯ ಕಚೇರಿಯಾಕೆ ಹೂವಿನಿಂದ ಮುಖ ಎತ್ತಿದಳು. "ಇವರು ಬಿಟ್ಟ ಮೇಲೆ ನಿಮ್ಮಲ್ಲಿ ಎಷ್ಟು ಸಲ ಸೋರಿದೆ?"

"ಅದು ಮೇಡಂ, ಚಿಕ್ಕಪುಟ್ಟದ್ದು..."

"ಎಷ್ಟು?"

"ಐದು."

"ಪೈಪು ಒಡೆದಾಗ ಇವರು ಮಾಸ್ಕ್ ಹಾಕಿರಲಿಲ್ವಾ?"

ಭಾವ ಆ ಪ್ರಶ್ನೆಗೂ ಉತ್ತರ ಕೊಟ್ಟರು. ಕಪಾಟು, ಬೀಗ, ಕೀಲಿ, ರಜೆ, ಆಮೇಲೆ ಬಂದ ಕಾಗದ, ಎಲ್ಲವನ್ನೂ ತಾರೀಖು ಸಮೇತ, ದನಿ ಏರಿಸದೆ. ಅವರಿಗೆ ದೂರು ಹೇಳುವ ಉದ್ದೇಶವಿರಲಿಲ್ಲ. ಕೇಳಿದ್ದಕ್ಕೆ ವಿವರಣೆ ಕೊಡುವುದು ಅಭ್ಯಾಸ. ಮ್ಯಾನೇಜರು ಬಳ್ಳಿಯ ಹುರಿ ಎಷ್ಟು ಗಟ್ಟಿ ಎಂದು ಪರೀಕ್ಷಿಸುವುದರಲ್ಲಿ ಮಗ್ನರಾದರು. ಹೋಗುವಾಗ ಅಕ್ಕ ಅವರ ಕೈಗೂ ಒಂದು ಗೊಂಚಲು ಕೊಟ್ಟಳು, ರಿಬ್ಬನ್ ಕಟ್ಟಿ.

ಫ್ಯಾಕ್ಟರಿಯಲ್ಲಿ ಸುಧಾರಣೆ ಆಯಿತಂತೆ. ಮುಖವಾಡದ ಕಪಾಟಿನ ಬೀಗ ತೆಗೆಸಿದರು. ಕೀಲಿ ಮಾತ್ರ ನಿಯಮದ ಪ್ರಕಾರ ಸ್ಟೋರ್ ಕೀಪರ್ ಹತ್ತಿರವೇ ಇದೆ. ಭಾವನಿಗೆ ಮುಖ್ಯ ಕಚೇರಿಯಿಂದ ಒಂದು ಕಾಗದ ಬಂತು. ನಾನೇ ಕೌಂಟರಿನಿಂದ ತಂದುಕೊಟ್ಟೆ. ಹಳೆಯ ನೋಟಿಸನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಎರಡು ಸಾಲು. ಅವರು ಎರಡು ಸಲ ಓದಿ, ಮಡಿಸಿ, ಅಕ್ಕನಿಗೆ ಕೊಟ್ಟರು. "ಇಟ್ಕೋ" ಎಂದು ಗಿಡಕ್ಕೆ ನೀರು ಹಾಕಲು ಹೋದರು.

ಏಪ್ರಿಲ್ ಕೊನೆಗೆ ಬಳ್ಳಿ ಹಳದಿಯಾಯಿತು. ಮೇ ತಿಂಗಳಲ್ಲಿ ಮುಟ್ಟಿದರೆ ಪುಡಿ. ಈ ಸಲ ಭಾವನಿಗೆ ದುಃಖವಾಗಲಿಲ್ಲ. "ಅದರ ಪಾಳಿ ಮುಗೀತು" ಎಂದು ಒಣಗಿದ ಕಾಯಿಗಳನ್ನು ಆರಿಸಿಕೊಂಡು, ಅಕ್ಕನ ಗುಂಡಿಯ ಡಬ್ಬಿಯೊಂದನ್ನು ಖಾಲಿ ಮಾಡಿ ತುಂಬಿಸಿದರು. ಗುಂಡಿಗಳು ಈಗಲೂ ಮನೆಯಲ್ಲೆಲ್ಲ ಕಾಲಿಗೆ ಸಿಗುತ್ತವೆ.

ಮರು ವರ್ಷ ಕಳ್ಳಿಯಮ್ಮ ಮಂಚದಿಂದ ಬಿದ್ದು ಕೈ ಮುರಿದುಕೊಂಡಳು. ಎರಡು ತಿಂಗಳು ನರ್ಸರಿ ನೋಡಿಕೊಂಡವರು ಭಾವ. ಬಂದ ಗಿರಾಕಿಗೆ ಗಿಡ ಕೊಡುವ ಮುಂಚೆ ಮನೆ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು, ನೀರು ಯಾರು ಹಾಕುತ್ತಾರೆ ಎಂದು ವಿಚಾರಣೆ. ಉತ್ತರ ಸರಿಯಿಲ್ಲದಿದ್ದರೆ "ನಿಮಗೆ ಕೊಡಲ್ಲ". ಗಿರಾಕಿಗಳು ಅರ್ಧಕ್ಕರ್ಧ ಇಳಿದರು. ಸತ್ತ ಗಿಡ ಹಿಡಿದುಕೊಂಡು ಜಗಳಕ್ಕೆ ಬರುವವರು ಪೂರ್ತಿ ನಿಂತರು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಕಳ್ಳಿಯಮ್ಮ ಎರಡು ದಿನ ಅವರನ್ನು ಬಯ್ದು, ಮೂರನೆಯ ದಿನ ಅವರಿಗೂ ಒಂದು ಸ್ಟೂಲು ತರಿಸಿದಳು. ಈಗ ದಿನಾ ಬೆಳಿಗ್ಗೆ ಆರಕ್ಕೆ ಇಬ್ಬರೂ ಅಲ್ಲಿ ನೀರಿನ ಬಗ್ಗೆ ಜಗಳವಾಡುತ್ತಾರೆ. ಅಡುಗೆಮನೆಯ ಬಾಗಿಲು ಖಾಲಿಯಾಗಿದೆ. "ನೆಮ್ಮದಿ" ಎನ್ನುತ್ತಾಳೆ ಅಕ್ಕ. ಹನ್ನೊಂದಾದರೂ ಅವರು ಊಟಕ್ಕೆ ಬರದಿದ್ದರೆ ಡಿಪೋಗೆ ಹೋಗುವ ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತಾಳೆ.

ಹೋದ ವಾರ ನಾನೂ ನರ್ಸರಿಗೆ ಹೋದೆ. "ಭಾವ, ನನಗೂ ನಾಲ್ಕು ಬಟಾಣಿ ಸಸಿ ಕೊಡಿ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ನಿನ್ನ ಹಿತ್ತಲಿಗೆ ಮಧ್ಯಾಹ್ನದ ಬಿಸಿಲು. ಬೆಳಿಗ್ಗೆ ಏಳೋದು ಎಂಟಕ್ಕೆ. ಕೀಳೋದು ಯಾರು?"

"ಭಾವ, ನಾನು ನಿಮ್ಮ ನಾದಿನಿ."

"ಅದಕ್ಕೇ ಹೇಳ್ತಿರೋದು" ಎಂದು ಎಣ್ಣೆಡಬ್ಬದಲ್ಲಿದ್ದ ಒಂದು ಗುಂಡು ಕಳ್ಳಿಯನ್ನು ಕೈಗಿಟ್ಟರು. "ಇದು ತಗೊಂಡು ಹೋಗು. ತಿಂಗಳಿಗೊಂದು ಸಲ ನೀರು. ಇದನ್ನ ಸಾಯಿಸಕ್ಕೆ ಯಾರ ಕೈಲೂ ಆಗಲ್ಲ."

ಕಿಟಕಿಯಲ್ಲಿಟ್ಟಿದ್ದೇನೆ. ನಾಲ್ಕು ದಿನದಿಂದ ಒಂದು ಮಗ್ಗುಲು ಮೆತ್ತಗಾಗುತ್ತಿದೆ. ಅವರಿಗಿನ್ನೂ ಹೇಳಿಲ್ಲ.